ಅವ್ವನ ಮುಖದ ಎರಡನೇ ಅಚ್ಚು

ಚಿಕ್ಕೋಡಿಯ ನನ್ನ ಶೆಡ್ಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಸತ್ತವರ ಫೋಟೊ ಹಿಡಿದೇ ಬರುತ್ತಾರೆ. ಕಬ್ಬಿನ ಹೊಲದ ನಡುವೆ ಸಮಾಧಿ ಕಟ್ಟಿ ಅದರ ಮೇಲೆ ಅಪ್ಪನದೋ ಅಜ್ಜನದೋ ಕಂಚಿನ ಮುಖ ಕೂರಿಸುವುದು ಈಗ ನಮ್ಮ ಕಡೆ ದೊಡ್ಡಸ್ತಿಕೆ. ಫೋಟೊ ಎಂದರೆ ಬಹಳ ಸಲ ಆಧಾರ್ ಕಾರ್ಡಿನದು, ಅದನ್ನೇ ದೊಡ್ಡದು ಮಾಡಿಸಿ ತಂದಿರುತ್ತಾರೆ. ಅದರಲ್ಲಿ ಎಂಥ ಸಂಭಾವಿತನೂ ಕಳ್ಳನ ಹಾಗೆ ಕಾಣುತ್ತಾನೆ. ಅದನ್ನು ನೋಡಿಕೊಂಡೇ ಮಣ್ಣಿನಲ್ಲಿ ಮುಖ ಮಾಡಿ ಮನೆಯವರನ್ನು ಕರೆಯುತ್ತೇನೆ. ಹಿರಿಯ ಮಗ ಬಂದು "ಮೀಸಿ ಇನ್ನಷ್ಟ ದಪ್ಪ ಇದ್ದುವ್ರಿ" ಅನ್ನುತ್ತಾನೆ. ಕಿರಿಯವನು "ಕೆನ್ನಿ ತುಂಬಿದ್ದುವ್ರಿ" ಅನ್ನುತ್ತಾನೆ. ಅವರು ಮೂರು ಸಲ ಬಂದು ಹೋಗುವಷ್ಟರಲ್ಲಿ ಸತ್ತವನಿಗೆ ಹತ್ತು ವರ್ಷ ಪ್ರಾಯ ಇಳಿದಿರುತ್ತದೆ. ಸತ್ತವನ ಹೆಂಡತಿಯೊಬ್ಬಳು ಮಾತ್ರ ಹಿಂದೆ ನಿಂತು "ಅವ್ರು ಇಷ್ಟ ಚಂದ ಇದ್ದಿಲ್ಲ ಬಿಡ್ರಿ" ಎಂದು ನಿಜ ಹೇಳುತ್ತಾಳೆ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನನಗೆ ಸಿಟ್ಟು ಬೇಗ. ಅದು ಮನೆಮಂದಿಗೂ ಗೊತ್ತು, ಗಿರಾಕಿಗಳಿಗೂ ಗೊತ್ತು. ಮಣ್ಣಿನ ಮುಂದೆ ಕೂತಾಗ ಮಾತ್ರ ಬರುವುದಿಲ್ಲ. ಬೆಳಿಗ್ಗೆ ಆರಕ್ಕೆ ಶೆಡ್ಡಿನ ಬಾಗಿಲು ತೆಗೆದು, ಹಿಂದಿನ ದಿನದ ಮುಖಕ್ಕೆ ಸುತ್ತಿಟ್ಟ ಒದ್ದೆ ಗೋಣಿಚೀಲ ಬಿಚ್ಚುವುದು ನನ್ನ ಮೊದಲ ಕೆಲಸ. ರಾತ್ರಿಯೆಲ್ಲ ತಂಪಿನಲ್ಲಿದ್ದ ಮುಖ ಆಗ ಹೊಸದಾಗಿ ಕಾಣುತ್ತದೆ, ತಪ್ಪೆಲ್ಲ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಚಹಾ ಕುಡಿಯುವುದರೊಳಗೆ ಅವನ್ನು ತಿದ್ದಿದರೆ ಸರಿ, ಇಲ್ಲವಾದರೆ ಆ ದಿನವೇ ಹಾಳು. ಊಟ ಮುಗಿದ ಮೇಲೆ ಬಣ್ಣದ ಕೆಲಸ. ಕಬ್ಬು ಕಡಿಯುವವರು, ಕಾರ್ಖಾನೆಯ ದಾರಿಯಲ್ಲಿ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳು, ಬೇಸಿಗೆಯಲ್ಲಿ ಇಳಿದುಹೋದ ಕೃಷ್ಣಾ ಹೊಳೆ, ಹೀಗೆ ಕಂಡದ್ದನ್ನೆಲ್ಲ ಬರೆಯುತ್ತೇನೆ. ಈ ಚಿತ್ರಗಳನ್ನು ನಮ್ಮ ಊರಲ್ಲಿ ಯಾರೂ ಕೇಳುವುದಿಲ್ಲ. ಕೇಳದೆ ಇರುವುದರಿಂದಲೇ ಅವುಗಳ ಮೀಸೆ ದಪ್ಪ ಮಾಡುವ ಕಾಟವೂ ನನಗಿಲ್ಲ.

ಹೀಗೆ ಕಂಡವರ ಅಪ್ಪಂದಿರನ್ನೆಲ್ಲ ಮಾಡಿ ಮಾಡಿ ಒಂದು ದಿನ ನನ್ನ ಅವ್ವನನ್ನೂ ಮಾಡಬೇಕು ಅನ್ನಿಸಿತು. ಬದುಕಿರುವಾಗಲೇ, ಎದುರಿಗೆ ಕೂರಿಸಿಕೊಂಡೇ ಮಾಡಬೇಕು. ಅವ್ವ ನಮ್ಮ ಜೊತೆಗೇ ಇದ್ದಾಳೆ, ಎಪ್ಪತ್ತು ದಾಟಿದೆ. ನಿಪ್ಪಾಣಿಯ ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಮೂವತ್ತು ವರ್ಷ ತಂಬಾಕು ಜರಡಿ ಹಿಡಿದವಳು. ವಖಾರದ ಒಳಗೆ ಹಳದಿ ಧೂಳು ಹೊಗೆಯಂತೆ ಏಳುತ್ತದೆ. ಅದು ಬಾಯಿಗೆ ಹೋಗಬಾರದೆಂದು ಅಲ್ಲಿಯ ಹೆಂಗಸರು ತುಟಿ ಬಿಗಿಹಿಡಿದೇ ಕೆಲಸ ಮಾಡುತ್ತಾರೆ. ಅವ್ವ ವಖಾರ ಬಿಟ್ಟು ಎಷ್ಟೋ ವರ್ಷವಾದರೂ ಅವಳ ತುಟಿ ಆ ಬಿಗಿ ಬಿಟ್ಟಿಲ್ಲ. ಕೆಳತುಟಿ ಒಳಕ್ಕೆ ಹೋಗಿ, ಬಾಯಿಯ ಎರಡೂ ತುದಿಗಳು ಒಂದಿಷ್ಟು ಮೇಲಕ್ಕೆದ್ದಿರುತ್ತವೆ. ಗೊತ್ತಿಲ್ಲದವರು ನಗುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಎಡ ಹುಬ್ಬಿನ ಕೆಳಗೆ ಜರಡಿಯ ಕಟ್ಟು ಬಡಿದು ಆದ ಒಂದು ಸಣ್ಣ ತಗ್ಗು ಬೇರೆ ಇದೆ.

ಅವ್ವ ಸುಲಭವಾಗಿ ಒಪ್ಪಲಿಲ್ಲ. ಕಾರಣ ಮುಖದ ನಾಚಿಕೆಯಲ್ಲ, ಮೂರ್ತಿಯ ಭಯ. ಅವಳ ಅಕ್ಕನನ್ನು, ನನ್ನ ದೊಡ್ಡವ್ವನನ್ನು, ಸಣ್ಣ ಹುಡುಗಿಯಾಗಿದ್ದಾಗ ತಲೆಯಲ್ಲಿ ಜಡೆಗಟ್ಟಿತೆಂದು ದೇವಿಗೆ ಬಿಟ್ಟಿದ್ದರು. ದೇವಿಗೆ ಬಿಟ್ಟ ಹುಡುಗಿ ಆಮೇಲೆ ಊರಿನ ಗಂಡಸರ ಪಾಲಾದಳು. ಮೂವತ್ತು ತುಂಬುವ ಮೊದಲೇ ರೋಗ ಹತ್ತಿ ಸತ್ತಳು. ನಮ್ಮ ಮನೆಯವರು ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಅವ್ವ ಪೂಜೆಯ ಜಗಲಿಯ ಮೇಲಿದ್ದ ದೇವರ ಮೂರ್ತಿಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಹೊಳೆಗೆ ಹಾಕಿ ಬಂದಳು. ಆಮೇಲೆ ಯಾವ ಗುಡಿಯ ಕಡೆಗೂ ಅವಳು ತಿರುಗಿ ನೋಡಿದ್ದಿಲ್ಲ.

"ಒಂದ ಮಾಡು. ಮನ್ಯಾಗ ಇರಲಿ," ಅಂದಳು ಕೊನೆಗೆ. "ನಾ ಸತ್ತ ಮ್ಯಾಲೂ ಅದಕ್ಕ ಯಾರೂ ಊದಿನಕಡ್ಡಿ ಹಚ್ಚಬಾರದು, ಅರಿಷಿಣ ಕುಂಕುಮ ಇಡಬಾರದು. ನನ್ನ ಮಾರಿ ದೇವರಾಗಬಾರದು. ಮಾತ ಕೊಡು."

ಅವಳ ಮುಖ ದೇವರಾಗಲು ಬಿಡುವುದಿಲ್ಲ ಎಂದು ಮಾತು ಕೊಟ್ಟೆ. ಅದೇನು ದೊಡ್ಡ ಮಾತು ಎಂದುಕೊಂಡೇ ಕೊಟ್ಟೆ.

ನಾಲ್ಕು ತಿಂಗಳು ದಿನಾ ಬೆಳಿಗ್ಗೆ ನನ್ನೆದುರು ಸ್ಟೂಲಿನ ಮೇಲೆ ಕೂತಳು. ಕೂತವಳು ಸುಮ್ಮನಿರುತ್ತಿರಲಿಲ್ಲ. ವಖಾರದ ಹೆಂಗಸರ ಜಗಳ, ಯಾರ ಸೀರೆ ಯಾರು ಉಟ್ಟಿದ್ದರು, ಯಾವ ಮುಕಾದಮ, ಅಂದರೆ ಮೇಸ್ತ್ರಿ, ಯಾರನ್ನು ನೋಡಿ ಕೆಮ್ಮುತ್ತಿದ್ದ, ಎಲ್ಲ ಹೇಳುವಳು. "ಬಾಯಿ ಮುಚ್ಚಬೇ, ತುಟಿ ಮಾಡಾಕತ್ತೀನಿ" ಎಂದು ನಾನು ರೇಗುವುದು. "ನೀ ಕಿವಿ ಮಾಡು ಅಷ್ಟೊತ್ತನ" ಎಂದು ಅವಳು. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಸುಖದ ದಿನಗಳು ಬೇರೆ ಇರಲಿಲ್ಲ. ಆ ತುಟಿ ಮಣ್ಣಿನಲ್ಲಿ ಬಂದ ದಿನ ನನಗೇ ಹೊಟ್ಟೆ ತುಂಬಿದಂತಾಗಿತ್ತು.

ಮಣ್ಣಿನ ಮುಖ ಕಂಚಾಗಬೇಕಾದರೆ ಎರಕದವನ ಕೈಗೆ ಹೋಗಲೇಬೇಕು. ನನ್ನ ಎರಕದವನು ನನ್ನ ಗೆಳೆಯ. ನಿಪ್ಪಾಣಿಯ ಹೊರಗೆ ಹೈವೇ ಬದಿಗೆ ಅವನ ಶೆಡ್ಡು, ಅವನ ಭಟ್ಟಿ. ಹದಿನೆಂಟು ವರ್ಷ ನನ್ನ ಒಂದೊಂದು ಮುಖವನ್ನೂ ಅವನೇ ಎರಕ ಹೊಯ್ದಿದ್ದಾನೆ. ನಮ್ಮ ಮನೆಗೆ ಬಂದರೆ ಅವ್ವನಿಗೆ "ಮಾವಶೀ, ಕಾಯ್ ಕೇಲಂ ಆಜ್?" ಎಂದು, ಅಂದರೆ ಚಿಕ್ಕವ್ವಾ ಇವತ್ತೇನು ಮಾಡೀದಿ ಎಂದು, ಮರಾಠಿಯಲ್ಲಿ ಕೂಗುತ್ತ ನೇರ ಅಡುಗೆಮನೆಗೆ ನುಗ್ಗಿ, ರೊಟ್ಟಿ ತಾನೇ ತೆಗೆದುಕೊಂಡು ತಿನ್ನುವವನು. ಅವನದು ಹೊಲಮನೆ ಇದ್ದ ರೈತರ ಮನೆತನ. ಆ ಮನೆತನದ ಮಂದಿ ನಮ್ಮ ಮನೆಯಲ್ಲಿ ನೀರು ಸಹ ಕುಡಿಯುವುದಿಲ್ಲ. ಅದಕ್ಕೇ ಅವನು ಅಡುಗೆಮನೆಗೆ ನುಗ್ಗುವುದನ್ನು ನೋಡಿದರೆ ನನಗೆ ಒಳಗೊಳಗೇ ಹೆಮ್ಮೆ. ಎಂಥ ಗೆಳೆಯ ನೋಡು ಅನ್ನಿಸುತ್ತಿತ್ತು.

ಈ ಕೆಲಸದ ರೀತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಅವನು ಮಾಡಿದ್ದೇನೆಂದು ತಿಳಿಯುವುದಿಲ್ಲ. ಮಣ್ಣಿನ ಮುಖದ ಮೇಲೆ ಮೊದಲು ರಬ್ಬರು ಬಳಿಯುತ್ತಾರೆ. ಅದು ಒಣಗಿದರೆ ಮುಖದ ಗೆರೆ ಗೆರೆ ಹಿಡಿದುಕೊಂಡ ತೆಳ್ಳಗಿನ ಚರ್ಮ ಆಗುತ್ತದೆ. ನಾವು ಅದಕ್ಕೆ ತೊಗಲು ಅನ್ನುತ್ತೇವೆ. ತೊಗಲು ತಾನಾಗಿ ನಿಲ್ಲುವುದಿಲ್ಲ, ಒದ್ದೆ ಬಟ್ಟೆಯ ಹಾಗೆ ಮುದುಡುತ್ತದೆ. ಅದಕ್ಕೆ ಅದರ ಹೊರಗೆ ಗಟ್ಟಿಯಾದ ಒಂದು ಕವಚ ಮಾಡುತ್ತಾರೆ. ಎರಡೂ ಸೇರಿದರೆ ಅಚ್ಚು. ಅಚ್ಚಿನೊಳಗೆ ಮೇಣ ಹೊಯ್ದು ಮುಖ ತೆಗೆದು, ಆ ಮೇಣದ ಮುಖಕ್ಕೆ ಬೇರೆ ಮಣ್ಣು ಮೆತ್ತಿ ಸುಟ್ಟು, ಮೇಣ ಕರಗಿಹೋದ ಜಾಗಕ್ಕೆ ಕಾಸಿದ ಕಂಚು ಹೊಯ್ಯುತ್ತಾರೆ. ಅಚ್ಚು ಇದ್ದರೆ ಎಷ್ಟು ಮುಖ ಬೇಕಾದರೂ ತೆಗೆಯಬಹುದು. ಅದಕ್ಕೇ ನಮ್ಮಿಬ್ಬರಲ್ಲಿ ಒಂದು ಕಟ್ಟಳೆ ಇತ್ತು. ಕಂಚು ಸರಿಯಾಗಿ ಬಂದ ದಿನ ನಾನು ಹೋಗಿ ನನ್ನ ಕೈಯಾರೆ ಕವಚ ಒಡೆಯುವುದು, ಆಮೇಲೆ ಇಬ್ಬರೂ ಚಹಾ ಕುಡಿಯುವುದು. ಕವಚ ಒಡೆದ ಮೇಲೆ ತೊಗಲು ಬರೀ ಕಸ. ಅವನ ಶೆಡ್ಡಿನ ಮೂಲೆಯಲ್ಲಿ ಅಂಥ ತೊಗಲುಗಳ ಗುಡ್ಡೆಯೇ ಬಿದ್ದಿರುತ್ತದೆ. ನಾನು ಎಂದೂ ಅದನ್ನು ಕೇಳಿ ಇಸಿದುಕೊಂಡವನಲ್ಲ.

ಅವ್ವನ ಕಂಚು ಬಂದ ದಿನವೂ ಸುತ್ತಿಗೆ ಹಿಡಿದು ನಾನೇ ಕವಚ ಒಡೆದೆ. ಅವನು ಎದುರಿಗೇ ನಿಂತಿದ್ದ. "ಇನ್ನ ಮಾವಶಿ ಜೋಡಿ ಇನ್ನೊಬ್ಬಾಕಿ ಹುಟ್ಟೂದಿಲ್ಲ ಬಿಡು," ಅಂದ. ನಾನು ನಕ್ಕೆ. ಅವ್ವನ ಮುಖವನ್ನು ಹಳೆಯ ರಗ್ಗಿನಲ್ಲಿ ಸುತ್ತಿ ತಂದು ನಮ್ಮ ಪಡಸಾಲೆಯ ಗೂಡಿನಲ್ಲಿ ಇಟ್ಟೆ. ಅವ್ವ ಅದನ್ನು ಬಹಳ ಹೊತ್ತು ನೋಡಿ "ಇಷ್ಟ ಮುದುಕಿ ಆಗೀನೇನು?" ಅಂದಳು. ಅಂದರೆ ಒಪ್ಪಿಗೆ.

ಇದಾಗಿ ಒಂದು ವರ್ಷದ ಮೇಲೆ, ಜುಗೂಳದ ಕಡೆಯ ಹೊಳೆದಂಡೆಯ ಒಂದು ಊರಿನಿಂದ ಇಬ್ಬರು ಹಿರಿಯರು ಜೀಪಿನಲ್ಲಿ ಬಂದರು. ಕಬ್ಬು, ದ್ರಾಕ್ಷಿ ಇದ್ದ ಮಂದಿ, ಗುಡಿಯ ಸಮಿತಿಯವರು. ಅವರ ದೇವಿಯ ಹಳೆಯ ಮುಖ ಸವೆದುಹೋಗಿತ್ತು, ಹೊಸದು ಮಾಡಿಸಿದ್ದರು. ನಮ್ಮ ಕಡೆ ದೇವಿಗೆ ಲೋಹದ ಮುಖವಾಡ ಇರುತ್ತದೆ. ಅದರ ಕಣ್ಣು ಕೊರೆಯುವುದಿಲ್ಲ, ಕೊನೆಗೆ ಬಣ್ಣದಲ್ಲಿ ಬರೆಯುತ್ತಾರೆ. ಕಣ್ಣು ಬರೆದ ಮೇಲೆಯೇ ಅದು ದೇವಿ. ತಲೆತಲಾಂತರದಿಂದ ಬರೆಯುತ್ತಿದ್ದ ಮನೆತನದವನಿಗೆ ಈಗ ಕೈ ನಡುಗುತ್ತಿತ್ತಂತೆ. ಶಿರಗುಪ್ಪಿಯ ಕಡೆ ನಾನು ಮಾಡಿದ ಒಂದು ಮುಖ ನೋಡಿ ಹುಡುಕಿಕೊಂಡು ಬಂದಿದ್ದರು.

"ನೀವ ಯಾವ ಮಂದಿ ಅಂತ ನಾವ ಕೇಳೂದಿಲ್ರಿ ಸರ. ಕಲಾಕಾರರಿಗೆ ಜಾತಿ ಎಲ್ಲೈತಿ?" ಅಂದರು ಹಿರಿಯರು. ಕೇಳುವುದಿಲ್ಲ ಎಂದರೆ ಕೇಳಿ ತಿಳಿದುಕೊಂಡೇ ಬಂದಿದ್ದಾರೆ ಎಂದರ್ಥ. "ಮತ್ತ ಪ್ರತಿಷ್ಠೆ ಆಗೂ ಮಟಾ ಅದು ಬರೇ ಲೋಹ. ಯಾರ ಮುಟ್ಟಿದ್ರೂ ನಡೀತೈತಿ."

ಆ 'ಯಾರು' ನಾನೇ ಎಂದು ಗೊತ್ತಾಗದಷ್ಟು ದಡ್ಡನಲ್ಲ. ಸಿಟ್ಟು ಬಂತು, ನುಂಗಿಕೊಂಡೆ. ನಂಬಿಕೆ ಇಲ್ಲದಿದ್ದರೂ ಬಣ್ಣದ ಕೆಲಸ ಬಣ್ಣದ ಕೆಲಸವೇ. ಗುಡಿಯ ಗೋಡೆ, ಮಸೀದಿಯ ಕಮಾನು, ಶಾಲೆಯ ಫಲಕ, ಎಲ್ಲ ಬರೆದವನು ನಾನು. ಬರುತ್ತೇನೆ ಅಂದೆ. ಮುಖ ಎಲ್ಲಿ ಹೊಯ್ಸಿದಿರಿ ಎಂದು ಕೇಳಬೇಕೆಂದು ಕೂಡ ನನಗೆ ಹೊಳೆಯಲಿಲ್ಲ.

ಹೇಳಿದ ದಿನ ಬೆಳಿಗ್ಗೆ ಮೋಟರ್ ಸೈಕಲ್ ಮೇಲೆ ಹೋದೆ. ಗುಡಿಯ ಹೊರಗಿನ ಕಟ್ಟೆಯ ಮೇಲೆ ಮಣೆ ಹಾಕಿ, ಅದರ ಮೇಲೆ ಕೆಂಪು ಖಣದ ಬಟ್ಟೆ ಮುಚ್ಚಿ ಇಟ್ಟಿದ್ದರು. ಸುತ್ತ ಇಪ್ಪತ್ತು ಮೂವತ್ತು ಹೆಂಗಸರು ಅರಿಷಿಣದ ಬಟ್ಟಲು ಹಿಡಿದು ಕಾಯುತ್ತಿದ್ದರು. ನಾನು ಬಿಳಿ, ಕಪ್ಪು ಬಣ್ಣದ ಡಬ್ಬಿ ತೆರೆದು, ಕುಂಚ ಒದ್ದೆ ಮಾಡಿಕೊಂಡು, "ತೆಗೀರಿ" ಅಂದೆ. ಪೂಜಾರಿ ಬಟ್ಟೆ ತೆಗೆದ.

ಕಿರೀಟ ಇತ್ತು. ಮೂಗಿನಲ್ಲಿ ನತ್ತು, ಕಿವಿಯಲ್ಲಿ ಬುಗುಡಿ, ಹಣೆಯಲ್ಲಿ ರೂಪಾಯಿ ಅಗಲದ ಕುಂಕುಮದ ಗುರುತು. ನನ್ನ ಗೆಳೆಯ ಅವ್ವನ ಸುಕ್ಕುಗಳನ್ನೂ ಕಣ್ಣುಗಳನ್ನೂ ಮೇಣದಲ್ಲೇ ತೀಡಿ ನುಣ್ಣಗೆ ಮಾಡಿದ್ದ. ಆದರೆ ತುಟಿಗೆ ಕೈ ಹಚ್ಚಿರಲಿಲ್ಲ. ಧೂಳಿಗೆ ಹೆದರಿ ಬಿಗಿಹಿಡಿದ ಆ ತುಟಿ, ನಾನು ನಾಲ್ಕು ತಿಂಗಳು ರೇಗುತ್ತ ಮಾಡಿದ ಆ ತುಟಿ, ಹಾಗೇ ಇತ್ತು. ಎಡ ಹುಬ್ಬಿನ ಕೆಳಗೆ ಜರಡಿಯ ತಗ್ಗೂ ಇತ್ತು.

"ನಗೂ ಮುಖ ನೋಡ್ರಿ ಸರ, ಸಾಕ್ಷಾತ್ ತಾಯಿ," ಅಂದರು ಹಿರಿಯರು.

ನಾನು ಅಲ್ಲೇ ಹೇಳಬಹುದಿತ್ತು. ಇದು ನಿಮ್ಮ ದೇವಿಯಲ್ಲ, ವಖಾರದಲ್ಲಿ ತಂಬಾಕು ಜರಡಿ ಹಿಡಿದ ನನ್ನ ಅವ್ವ, ನೀವು ಈ ಕಟ್ಟೆಯ ಮೇಲೆ ಕೂರಲು ಬಿಡದ ಮನೆತನದ ಹೆಂಗಸು. ಆ ಹೆಂಗಸರನ್ನು ನೋಡಿದೆ, ಗಂಡಸರನ್ನು ನೋಡಿದೆ. ಹೇಳಿದರೆ ಮುಂದೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ನನ್ನನ್ನು ಹೊಡೆಯಬಹುದು. ಅದಕ್ಕಿಂತ ಹೆಚ್ಚಾಗಿ ಅವ್ವನ ಮುಖವನ್ನು ಕಾಲಲ್ಲಿ ಒದೆಯಬಹುದು, ಬಾಯಿಗೆ ಬಂದ ಮಾತು ಆಡಬಹುದು, ಮೈಲಿಗೆಯಾಯಿತೆಂದು ಕಟ್ಟೆ ತೊಳೆಯಬಹುದು. ಅದನ್ನು ನಿಂತು ನೋಡುವ ಧೈರ್ಯ ನನಗಿರಲಿಲ್ಲ. ಹೆದರಿದೆ, ಅಷ್ಟೇ. ಮೂವತ್ತು ವರ್ಷದಿಂದ ಸಿಟ್ಟಿನ ಮನುಷ್ಯ ಅನ್ನಿಸಿಕೊಂಡವನು ಸಿಟ್ಟು ಬೇಕಾದ ದಿನ ಹೆದರಿ ಕೂತೆ.

ಇನ್ನೊಂದು ಮಾತೂ ಇದೆ, ಹೇಳಿಬಿಡುತ್ತೇನೆ. ಕಣ್ಣಿಲ್ಲದ ಆ ಮುಖವನ್ನು ನೋಡಲು ನನಗೆ ಆಗಲಿಲ್ಲ. ನಾನಲ್ಲದಿದ್ದರೆ ನಾಳೆ ಇನ್ಯಾರೋ ಬಂದು ಬಟ್ಟಲಗಣ್ಣು ಬರೆದು ಹೋಗುತ್ತಾನೆ ಅನ್ನಿಸಿತು. ಕೈ ತಾನಾಗಿ ಎದ್ದಿತು. ಮೊದಲು ಬಿಳಿ, ಅದು ಒಣಗುವವರೆಗೆ ತಲೆ ತಗ್ಗಿಸಿ ಕೂತೆ, ಆಮೇಲೆ ಕಪ್ಪು. ದೇವಿಯ ಕಣ್ಣು ಬರೆಯಲಿಲ್ಲ. ಮೇಲಿನ ರೆಪ್ಪೆ ಸ್ವಲ್ಪ ಇಳಿದ, ಬೆಳಕಿಗೆ ಕಿರಿದಾಗುವ ಅವ್ವನ ಕಣ್ಣನ್ನೇ ಬರೆದೆ. "ಇನ್ನಷ್ಟ ದೊಡ್ಡವು ಮಾಡ್ರಿ" ಎಂದರು ಹಿರಿಯರು. "ಇಷ್ಟ ಸಾಕ್ರಿ" ಅಂದೆ. ನಾನು ಕುಂಚ ತೆಗೆದದ್ದೇ ತಡ, ಒಬ್ಬ ಮುದುಕಿ "ಯವ್ವಾ, ನನ್ನನ್ನ ನೋಡಾಕತ್ತಾಳ" ಎಂದು ಅಳುತ್ತ ಅಡ್ಡಬಿದ್ದಳು. ಅರಿಷಿಣದ ಕೈಗಳು ಮುಂದೆ ಬಂದವು. ನನ್ನನ್ನು ಕಟ್ಟೆ ಇಳಿಯಲು ಹೇಳಿದರು, ಇನ್ನು ಮುಟ್ಟುವಂತಿರಲಿಲ್ಲ.

ಅಲ್ಲಿಂದ ನೇರ ನಿಪ್ಪಾಣಿಗೆ ಹೋದೆ. ಗೆಳೆಯ ಭಟ್ಟಿಯ ಮುಂದೆ ನಿಂತಿದ್ದ. ನನ್ನನ್ನು ನೋಡಿದವನು ಮುಖ ಅರಳಿಸಿ "ಬಾ ದೋಸ್ತ, ಈಗರೆ ಫೋನ್ ಬಂತು. ಕಣ್ಣ ಭಾಳ ಚಂದ ಬರದಿ ಅಂತಲ್ಲ!" ಅಂದ. ಅಂದರೆ ಮುಚ್ಚಿಡಬೇಕು ಎಂಬ ನಾಚಿಕೆಯೂ ಅವನಿಗೆ ಉಳಿದಿರಲಿಲ್ಲ. ನಾನು ಅವನ ಅಂಗಿ ಹಿಡಿದೆ.

"ಬಿಡಲೇ. ಹೇಳೂದ ಕೇಳು," ಅಂದ. "ಮೂರು ಮುಖ ಮಾಡಿಸಿ ತೋರಿಸಿದ್ದೆ ಅವ್ರಿಗೆ, ಒಂದೂ ಒಪ್ಪಲಿಲ್ಲ. ಮಾವಶಿ ಮುಖ ನೋಡಿದ ಕೂಡ್ಲೆ ಕೈ ಮುಗಿದ್ರು. ನಾ ಏನ ಮಾಡ್ಲಿ?"

"ನನ್ನನ್ನ ಕೇಳಬೇಕಿತ್ತು."

"ಕೇಳಿದ್ರ ನೀ ಹೂಂ ಅಂತಿದ್ದಿ?"

ಅವನಿಗೆ ಗೊತ್ತಿತ್ತು. ನಾನು ಒಪ್ಪುವುದಿಲ್ಲ, ಅವ್ವ ಒಪ್ಪುವುದಿಲ್ಲ, ಏಕೆ ಒಪ್ಪುವುದಿಲ್ಲ, ದೊಡ್ಡವ್ವನದು ಏನು ಕತೆ, ಎಲ್ಲ ಗೊತ್ತಿತ್ತು. ಅವ್ವನೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅವನಿಗೆ ಹೇಳಿದ್ದಳು.

ಆಗ ನನಗೆ ಕವಚದ ನೆನಪಾಯಿತು. ತೊಗಲೊಂದರಿಂದ ಮುಖ ಬರುವುದಿಲ್ಲ. ಕವಚವನ್ನು ನಾನು ಒಡೆದಿದ್ದೆ. ಹೊಸ ಕವಚ ಮಾಡಬೇಕಾದರೆ ತೊಗಲಿನ ಒಳಗೆ ಮೇಣದ ಮುಖವೋ ಮಣ್ಣಿನ ಮುಖವೋ ಗಟ್ಟಿಯಾಗಿ ಇರಬೇಕು. ನಾನು ಒಡೆಯುವ ಹೊತ್ತಿಗೆ ಮೇಣ ಕರಗಿಹೋಗಿತ್ತು, ಮಣ್ಣಿನ ಮುಖ ಅಚ್ಚು ಬಿಚ್ಚುವಾಗಲೇ ಹಾಳಾಗಿತ್ತು.

"ಎರಡನೇ ಕವಚ ಯಾವಾಗ ಮಾಡಿದಿ?" ಎಂದು ಕೇಳಿದೆ.

ಇನ್ನೊಮ್ಮೆ ಕೇಳಿದೆ.

"ಮೇಣ ಹೊಯ್ದ ದಿನಾನ," ಅಂದ. "ಮುಖ ಭಾಳ ಚಂದ ಬಂದಿತ್ತು. ಇರಲಿ ಅಂತ ಮಾಡಿ ಮಾಳಗಿ ಮ್ಯಾಲ ಇಟ್ಟಿದ್ದೆ."

ಅಂದರೆ ನಾನು ಸುತ್ತಿಗೆ ಎತ್ತಿದಾಗ ಇನ್ನೊಂದು ಕವಚ ನನ್ನ ತಲೆಯ ಮೇಲೆಯೇ ಇತ್ತು. ಇನ್ನೊಬ್ಬಾಕಿ ಹುಟ್ಟೂದಿಲ್ಲ ಎಂದು ಅವನು ಅಂದಾಗಲೂ ಅದು ಅಲ್ಲಿತ್ತು. ಆಮೇಲೆ ಯಾವಾಗಲೋ ಆಸೆ ಹುಟ್ಟಿ ಮಾಡಿದ್ದರೆ ಮನುಷ್ಯ ಕೆಟ್ಟ ಅಂದುಕೊಳ್ಳುತ್ತಿದ್ದೆ. ಇದು ಹಾಗಲ್ಲ. ನಂಬಿಸಿ ಕುತ್ತಿಗೆ ಕೊಯ್ದಿದ್ದ. ಹದಿನೆಂಟು ವರ್ಷದಲ್ಲಿ ಇನ್ನೆಷ್ಟು ಸಲ ಹೀಗೆ ಬರೀ ಸಿಪ್ಪೆ ಒಡೆದು ಚಹಾ ಕುಡಿದು ಬಂದಿದ್ದೆನೋ, ಇಂದಿಗೂ ನನಗೆ ಗೊತ್ತಿಲ್ಲ.

"ಇದರಾಗ ತಪ್ಪೇನೈತಿ?" ಅಂದ, ಅಂಗಿ ಸರಿ ಮಾಡಿಕೊಳ್ಳುತ್ತ. "ನಿಮ್ಮವ್ವ ದೇವಿ ಆಗ್ಯಾಳ. ಊರಿಗೆ ಊರ ಅಡ್ಡ ಬೀಳತೈತಿ."

"ಆ ಗುಡಿ ಒಳಗ ನಮ್ಮವ್ವನ್ನ ಬಿಡ್ತಾರೇನಲೇ?"

ಮಾಳಿಗೆ ಹತ್ತಿ ಕವಚವನ್ನೂ ತೊಗಲನ್ನೂ ನಾನೇ ಇಳಿಸಿದೆ. ಕವಚವನ್ನು ಅವನ ಅಂಗಳದಲ್ಲೇ ಒಡೆದು ಪುಡಿ ಮಾಡಿದೆ, ತೊಗಲನ್ನು ಭಟ್ಟಿಗೆ ಹಾಕಿದೆ. ರಬ್ಬರಿನ ಕಪ್ಪು ಹೊಗೆ ಶೆಡ್ಡೆಲ್ಲ ತುಂಬಿತು. ಅವತ್ತಿನಿಂದ ಆ ಶೆಡ್ಡಿಗೆ ನಾನು ಕಾಲಿಟ್ಟಿಲ್ಲ. ಈಗ ಮುಖಗಳನ್ನು ದೂರ ಒಯ್ದು ಬೇರೆ ಕಡೆ ಹೊಯ್ಸುತ್ತೇನೆ. ಮುಗಿಯುವವರೆಗೆ ಅಲ್ಲೇ ಕೂತು, ಕವಚ, ತೊಗಲು ಎರಡನ್ನೂ ಎಣಿಸಿ ತರುತ್ತೇನೆ. ಆ ಕೆಲಸಗಾರರು ನನ್ನನ್ನು ಸಂಶಯದ ಮನುಷ್ಯ ಎಂದು ಹಿಂದಿನಿಂದ ನಗುತ್ತಾರೆ. ನಗಲಿ.

ಅವ್ವನಿಗೆ ಹೇಳಬಾರದು ಎಂದುಕೊಂಡಿದ್ದೆ. ಹೆಂಡತಿ ಒಪ್ಪಲಿಲ್ಲ. ನಾಳೆ ಯಾರೋ ನೆಂಟರು ಆ ಊರಿಗೆ ಹೋಗಿ ಬಂದು ಹೇಳಿದರೆ ಏನು ಮಾಡುತ್ತೀರಿ ಅಂದಳು. ಮೂರು ವಾರ ತಳ್ಳಿದೆ. ಕೊನೆಗೆ ಒಂದು ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಾಗ ಹೋಗಿ ಎದುರಿಗೆ ಕೂತೆ. ಗೆಳೆಯ ಮಾಡಿದ್ದನ್ನೆಲ್ಲ ಹೇಳಿದೆ. ಎರಡನೇ ಕವಚ, ಕಿರೀಟ, ನತ್ತು, ಅವನ ಮಾತು, ಒಂದೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು, ಕಣ್ಣಲ್ಲಿ ನೀರು ಬಂತು. ಅವನಿಗೆ ಬಾಯಿಗೆ ಬಂದಂತೆ ಬೈದೆ. ಅವ್ವನೂ ಬೈಯಲಿ, ಇಬ್ಬರೂ ಸೇರಿ ಬೈದರೆ ಹಗುರಾದೀತು ಎಂಬ ಆಸೆ.

ಅವ್ವ ಬೈಯಲಿಲ್ಲ. ಶೇಂಗಾ ಸುಲಿಯುವುದನ್ನೂ ನಿಲ್ಲಿಸಲಿಲ್ಲ.

"ಅರಿಷಿಣ ಹಚ್ಯಾರೇನು?" ಅಂದಳು.

"ಹೂಂ."

"ಕಣ್ಣ ಯಾರ ಬರದ್ರು?"

ಅಷ್ಟು ಹೊತ್ತು ಮಾತಾಡಿದವನು ಅದೊಂದನ್ನು ಹೇಳಿರಲಿಲ್ಲ. ನಾನು ಆ ಊರಿಗೆ ಹೋದೆ, ನೋಡಿದೆ ಎಂದಷ್ಟೇ ಹೇಳಿದ್ದೆ. ಸುಳ್ಳು ಹೇಳಬಹುದಿತ್ತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾನ ಬರದೆ."

"ನಂದ ಮಾರಿ ಅಂತ ಗೊತ್ತಿತ್ತು?"

"ಗೊತ್ತಿತ್ತು."

ಅವ್ವ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದು ಒಳಗೆ ಹೋದಳು. ಆ ದಿನ ಊಟ ಮಾಡಿದಳು, ಮರುದಿನವೂ ಮಾಡಿದಳು. ಸೊಸೆಯ ಜೊತೆ ಮಾತಾಡುತ್ತಾಳೆ, ಓಣಿಯ ಹೆಂಗಸರ ಜೊತೆ ನಗುತ್ತಾಳೆ. ನನ್ನ ಜೊತೆಗೂ ಬೇಕಾದಷ್ಟು ಮಾತಾಡುತ್ತಾಳೆ, ಔಷಧಿ ತಂದೆಯಾ, ನೀರು ಬಂತಾ ಎಂದು. ಆದರೆ ನಾನು ಹೊಸ್ತಿಲು ದಾಟಿ ಒಳಗೆ ಬಂದೊಡನೆ, ಪರ ಗಂಡಸರ ಮುಂದೆ ಹೆಂಗಸರು ಎಳೆದುಕೊಳ್ಳುವಂತೆ, ಸೆರಗನ್ನು ಹಣೆಯಿಂದ ಗದ್ದದವರೆಗೆ ಎಳೆದುಕೊಳ್ಳುತ್ತಾಳೆ. ಎಂಟು ತಿಂಗಳಾಯಿತು, ನನ್ನ ಅವ್ವನ ಮುಖ ನಾನು ನೋಡಿಲ್ಲ.